ಒಂದೇ ದಾರಿಯ ಊರುಗಳು: ಕಾರವಾರ, ಶಿರಸಿಯನ್ನು ಇಲಾಖೆವಾರು ನೋಡಿದರೆ ಅರ್ಥವಾಗುವುದಿಲ್ಲ

2024ರ ಜುಲೈ 16ರಂದು ಉತ್ತರ ಕನ್ನಡ ಜಿಲ್ಲೆಯ ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಬಿತ್ತು. ಮೂರು ವಾರ ಕಳೆದು, ಆಗಸ್ಟ್ 7ರಂದು ನಡುರಾತ್ರಿ ದಾಟಿದ ಹೊತ್ತಿಗೆ, ಕಾರವಾರದ ಕಾಳಿ ನದಿಯ ಹಳೆ ಸೇತುವೆ ಮುರಿದು ಬಿತ್ತು. ಒಂದಕ್ಕೆ ಮಳೆ ಮತ್ತು ಗುಡ್ಡ ಕಡಿದವರು ಕಾರಣ ಅಂದೆವು. ಇನ್ನೊಂದಕ್ಕೆ ಸೇತುವೆಗೆ ವಯಸ್ಸಾಗಿತ್ತು ಅಂದೆವು. ಎರಡೂ ನಿಜವೇ. ಆದರೆ ಅಲ್ಲಿಗೇ ಬಿಟ್ಟರೆ, ನಮ್ಮ ಕಡೆಯ ಊರುಗಳಿಗೆ ಒಂದು ಕಡೆ ಏಟು ಬಿದ್ದ ಕೂಡಲೇ ಮೀನುಪೇಟೆ, ಆಸ್ಪತ್ರೆ, ಶಾಲೆಯ ಬಸ್ಸು, ಗ್ಯಾಸ್ ಸಿಲಿಂಡರ್ ಎಲ್ಲಕ್ಕೂ ಯಾಕೆ ತಾಗುತ್ತದೆ ಅನ್ನುವುದು ತಿಳಿಯುವುದೇ ಇಲ್ಲ.

ನನಗೆ ಅನ್ನಿಸುವುದು ಇಷ್ಟು. ಈ ಊರುಗಳನ್ನು ನಾವು ಇಲಾಖೆವಾರು ಕಟ್ಟುತ್ತಿದ್ದೇವೆ. ರಸ್ತೆಯವರು ರಸ್ತೆ, ರೈಲಿನವರು ರೈಲು, ಬಂದರಿನವರು ಬಂದರು. ಪ್ರತಿಯೊಬ್ಬರಿಗೂ ತಮ್ಮ ಪಾಲಿನ ಕೆಲಸದಲ್ಲಿ ಸುಮ್ನೆ ಬಿದ್ದಿರುವ ಗದ್ದೆ, ಯಾರೂ ಓಡಾಡದ ಹಳೆ ದಾರಿ, ತುಂಬದ ಜಲಾಶಯ ಕಂಡರೆ ಅದು ನಷ್ಟ ಅನ್ನಿಸುತ್ತದೆ. ಅದನ್ನು ಉಪಯೋಗಕ್ಕೆ ತರುತ್ತಾರೆ. ಆ ಸುಮ್ನೆ ಬಿದ್ದಿದ್ದರಲ್ಲೇ ಊರಿನ ತಡೆದುಕೊಳ್ಳುವ ಶಕ್ತಿ ಇತ್ತು ಅನ್ನುವ ವಿಷಯ ಯಾವ ಇಲಾಖೆಯ ಫೈಲಿನಲ್ಲೂ ಬರೆದಿರುವುದಿಲ್ಲ.

ಶಿರೂರನ್ನೇ ಸ್ವಲ್ಪ ಹತ್ತಿರದಿಂದ ನೋಡೋಣ. ಒಂದು ಬದಿ ಗುಡ್ಡ, ಇನ್ನೊಂದು ಬದಿ ಗಂಗಾವಳಿ ನದಿ, ನಡುವೆ ಹೆದ್ದಾರಿ. ನಾಲ್ಕು ಲೇನ್ ಮಾಡಲು ಗುಡ್ಡ ಕಡಿದಿದ್ದರು. ಗುಡ್ಡದ ಬುಡದಲ್ಲಿ ಒಂದು ಚಾ ಅಂಗಡಿ ಇತ್ತು. ಕೇರಳ, ತಮಿಳುನಾಡಿನ ಕಡೆಯ ಲಾರಿ ಚಾಲಕರು ಅಲ್ಲಿ ಗಾಡಿ ನಿಲ್ಲಿಸುತ್ತಿದ್ದರು. ಯಾಕೆ ಅಲ್ಲೇ? ಲಾರಿ ಪಕ್ಕಕ್ಕೆ ಹಾಕಲು ಜಾಗ ಇತ್ತು, ಸ್ನಾನಕ್ಕೆ ನದಿ ಇತ್ತು, ಚಾ ಸಿಗುತ್ತಿತ್ತು. ರಾತ್ರಿಯೆಲ್ಲ ಗಾಡಿ ಓಡಿಸಿದವನಿಗೆ ಇನ್ನೇನು ಬೇಕು? ಆ ಜಾಗವನ್ನು ಲಾರಿ ತಂಗುದಾಣ ಅಂತ ಯಾರೂ ನಕ್ಷೆಯಲ್ಲಿ ಗುರುತು ಮಾಡಿರಲಿಲ್ಲ. ಚಾಲಕರು, ಚಾ ಅಂಗಡಿಯವರು, ನದಿ, ಅಗಲವಾದ ರಸ್ತೆ ಸೇರಿ ತಾವಾಗೇ ಅದನ್ನು ಮಾಡಿಕೊಂಡಿದ್ದವು.

ರಸ್ತೆಯ ನಕ್ಷೆಯಲ್ಲಿ ಗುಡ್ಡವನ್ನು ಎಷ್ಟು ಓರೆಯಾಗಿ ಕಡಿಯಬೇಕು ಅನ್ನುವುದು ಇರುತ್ತದೆ. ಆ ಗುಡ್ಡದ ಕೆಳಗೆ ಬೆಳಗಿನ ಹೊತ್ತು ಎಷ್ಟು ಜನ ಚಾ ಕುಡಿಯುತ್ತಿರುತ್ತಾರೆ ಅನ್ನುವುದು ಇರುವುದಿಲ್ಲ. ರಸ್ತೆ ಅಗಲವಾದಂತೆ ದೂರದ ಲಾರಿ ಜಾಸ್ತಿ, ಲಾರಿ ಜಾಸ್ತಿಯಾದಂತೆ ನಿಲ್ಲುವ ಜಾಗದ ಅಗತ್ಯ ಜಾಸ್ತಿ, ನಿಲ್ಲಲು ಸಮತಟ್ಟು ಜಾಗ ಸಿಗುವುದು ಗುಡ್ಡ ಕಡಿದ ಕಡೆಯೇ. ಹೀಗೆ ಅಪಾಯವೂ ಜನರೂ ಒಂದೇ ತಾಣಕ್ಕೆ ಬಂದು ಸೇರಿದರು. ಇಷ್ಟಕ್ಕೇ ಮುಗಿಯಲಿಲ್ಲ. ಮಣ್ಣು ನದಿಗೆ ಬಿದ್ದ ರಭಸಕ್ಕೆ ನೀರು ಎದ್ದು ಆಚೆ ದಡದ ಉಳುವರೆಯ ಮನೆಗಳಿಗೆ ನುಗ್ಗಿತು, ಅಲ್ಲೂ ಜೀವ ಹೋಯಿತು. ಒಂದು ಗ್ಯಾಸ್ ಟ್ಯಾಂಕರ್ ನದಿಯಲ್ಲಿ ತೇಲಿಹೋಯಿತು. ಹೆದ್ದಾರಿಗೂ ಉಳುವರೆಗೂ ಏನು ಸಂಬಂಧ ಅಂತ ಜುಲೈ 15ರಂದು ಯಾರನ್ನು ಕೇಳಿದ್ದರೂ ಏನೂ ಇಲ್ಲ ಅನ್ನುತ್ತಿದ್ದರು.

ಇಂಥ ಸಮಸ್ಯೆಗಳ ಬಗ್ಗೆ ಯೋಚಿಸುವ ಒಂದು ದಾರಿಯನ್ನು ಅಮೆರಿಕದ ಗಣಿತಜ್ಞ ವಾರನ್ ವೀವರ್ 1948ರಲ್ಲೇ ಹಾಕಿಕೊಟ್ಟರು. ಅವರು ಸಮಸ್ಯೆಗಳಲ್ಲಿ ಮೂರು ಜಾತಿ ಮಾಡಿದರು. ಒಂದು, ಎರಡೇ ಅಂಶಗಳ ಸಮಸ್ಯೆ: ಇದನ್ನು ಹೆಚ್ಚಿಸಿದರೆ ಅದು ಎಷ್ಟು ಹೆಚ್ಚುತ್ತದೆ? ಇನ್ನೊಂದು, ಕೋಟ್ಯಂತರ ಅಂಶಗಳ ಸಮಸ್ಯೆ. ಬಾಟಲಿಯೊಳಗಿನ ಗಾಳಿಯ ಕಣಗಳು, ವಿಮಾ ಕಂಪನಿಯ ಗ್ರಾಹಕರು. ಅಲ್ಲಿ ಒಬ್ಬೊಬ್ಬರನ್ನು ನೋಡಬೇಕಿಲ್ಲ, ಸರಾಸರಿ ಸಾಕು. ಮೂರನೆಯದು ಇವೆರಡರ ನಡುವಿನದು. ಅಂಶಗಳು ಕೆಲವು ಡಜನ್ ಅಷ್ಟೇ, ಆದರೆ ಒಂದಕ್ಕೊಂದು ಹೆಣೆದುಕೊಂಡಿವೆ. ಬಿಡಿಸಿ ನೋಡಿದರೆ ಅರ್ಥ ಹೋಗುತ್ತದೆ, ಸರಾಸರಿ ತೆಗೆದರೂ ಹೋಗುತ್ತದೆ. ಜೇನ್ ಜೇಕಬ್ಸ್ 1961ರಲ್ಲಿ ಇದನ್ನು ಎತ್ತಿಕೊಂಡು ನಗರ ಅನ್ನುವುದು ಈ ಮೂರನೇ ಜಾತಿಯ ಸಮಸ್ಯೆ, ಆದರೆ ಯೋಜನೆ ಮಾಡುವವರು ಅದನ್ನು ಮೊದಲೆರಡು ಜಾತಿಗೆ ಸೇರಿಸಿ ನೋಡುತ್ತಿದ್ದಾರೆ ಅಂತ ವಾದಿಸಿದರು. ಆಕೆ ನಗರ ಯೋಜನೆ ಓದಿದವರಲ್ಲ, ಪತ್ರಕರ್ತೆ. ತನ್ನ ಬೀದಿಯನ್ನು ಕಿಟಕಿಯಿಂದ ನೋಡಿ ನೋಡಿ ಕಲಿತವರು.

ಈ ಚರ್ಚೆಯೆಲ್ಲ ನ್ಯೂಯಾರ್ಕ್, ಲಂಡನ್ ಸುತ್ತಲೇ ನಡೆಯುತ್ತದೆ. ನಮ್ಮಲ್ಲಾದರೆ ಬೆಂಗಳೂರಿನ ಟ್ರಾಫಿಕ್ ಸುತ್ತ. ನನ್ನ ಪ್ರಕಾರ ಇದನ್ನು ಕಲಿಯಲು ಕಾರವಾರಕ್ಕಿಂತ ಒಳ್ಳೆಯ ಊರಿಲ್ಲ. ಬೆಂಗಳೂರಿನಲ್ಲಿ ಯಾವುದರಿಂದ ಯಾವುದಾಯಿತು ಅಂತ ಹುಡುಕುವಷ್ಟರಲ್ಲಿ ಸುಸ್ತಾಗುತ್ತದೆ. ಇಲ್ಲಿ ಸ್ಕೂಟರ್ ಹತ್ತಿ ಕೋಡಿಬಾಗದಿಂದ ಅಮದಳ್ಳಿಯವರೆಗೆ ಹೋಗಿ ಬಂದರೆ ಮುಖ್ಯ ಗಂಟುಗಳೆಲ್ಲ ಕಣ್ಣಿಗೇ ಬೀಳುತ್ತವೆ.

ಊರಿನ ಆಕಾರ ನೋಡಿ. ಪಶ್ಚಿಮಕ್ಕೆ ಸಮುದ್ರ, ಹಿಂದೆ ಗುಡ್ಡ, ಉತ್ತರಕ್ಕೆ ಕಾಳಿ. ದಕ್ಷಿಣಕ್ಕೆ ಬಿಣಗಾ ದಾಟಿದರೆ ನೌಕಾನೆಲೆ. ಸೀಬರ್ಡ್ ಹೆಸರಿನ ಆ ಯೋಜನೆಗೆ 1986ರಲ್ಲಿ ರಾಜೀವ್ ಗಾಂಧಿ ಅಡಿಗಲ್ಲು ಹಾಕಿದರು, 2005ರಲ್ಲಿ ಐಎನ್‌ಎಸ್ ಕದಂಬ ಕಾರ್ಯಾರಂಭ ಮಾಡಿತು. ಕಡಲ ದಡದ ಊರಿಗೆ ಊರೇ ಎದ್ದುಹೋಯಿತು. ಮೀನುಗಾರ ಕುಟುಂಬಗಳು ಪುನರ್ವಸತಿ ಕಾಲೊನಿಗಳಿಗೆ ಹೋದವು. ದೇಶದ ರಕ್ಷಣೆಗೆ ಬೇಕಿತ್ತು ಅನ್ನುವುದರ ಬಗ್ಗೆ ನನ್ನ ತಕರಾರಿಲ್ಲ. ಊರಿನ ಲೆಕ್ಕದಲ್ಲಿ ಅದರಿಂದ ಏನು ಬದಲಾಯಿತು ಅನ್ನುವುದಷ್ಟೇ ಇಲ್ಲಿಯ ಪ್ರಶ್ನೆ.

ಬದಲಾದದ್ದು ಇದು: ದಕ್ಷಿಣದ ದಡ ಮುಚ್ಚಿದ ಮೇಲೆ ಉಳಿದ ದಡಕ್ಕೆ ಬೆಲೆ ಬಂತು. ಮೀನುಗಾರರಿಗೆ ಬಲೆ ಎಳೆಯಲು, ದೋಣಿ ನಿಲ್ಲಿಸಲು, ಮೀನು ಒಣಗಿಸಲು ಅದೇ ಬೇಕು. ಪ್ರವಾಸಿಗರಿಗೆ ಅದೇ ಟಾಗೋರ್ ಕಡಲತೀರ ಬೇಕು. ಬೈತಖೋಲ ಬಂದರಿನ ವಿಸ್ತರಣೆಗೂ ಅದೇ ಬದಿ ಬೇಕು. 2020ರ ಜನವರಿಯಲ್ಲಿ ಬಂದರು ಕಾಮಗಾರಿಯ ವಿರುದ್ಧ ಮೀನುಗಾರರು ಬೀದಿಗಿಳಿದು ಊರೇ ಬಂದ್ ಆದಾಗ, ಹೊರಗಿನವರು ಕೆಲವರು ಇದನ್ನು ಅಭಿವೃದ್ಧಿಗೆ ಅಡ್ಡಗಾಲು ಅಂದರು. 1986 ಗೊತ್ತಿಲ್ಲದೆ 2020 ಅರ್ಥವಾಗುವುದಿಲ್ಲ. ಒಂದು ಕಡೆಯಿಂದ ಸರಿದು ಬಂದವರನ್ನು ಇನ್ನೊಮ್ಮೆ ಸರಿಯಿರಿ ಅಂದರೆ ಎಲ್ಲಿಗೆ ಸರಿಯಬೇಕು? ಬಂದರಿನ ವರದಿಯಲ್ಲಿ ಸೀಬರ್ಡ್ ಇರುವುದಿಲ್ಲ, ಸೀಬರ್ಡ್ ಫೈಲಿನಲ್ಲಿ ಬಂದರು ಇರುವುದಿಲ್ಲ. ಮೀನುಗಾರರ ಮನೆಯಲ್ಲಿ ಮಾತ್ರ ಎರಡೂ ಇರುತ್ತವೆ.

ಈಗ ನೀರಿನ ವಿಷಯ. ಇದು ನನಗೆ ಅತ್ಯಂತ ಸ್ಪಷ್ಟವಾಗಿ ಕಾಣುವ ಉದಾಹರಣೆ. ಅರಗಾ, ಚೆಂಡಿಯಾ ಕಡೆ ಜೋರು ಮಳೆ ಬಂದರೆ ಹೆದ್ದಾರಿ ಮೇಲೆಯೇ ನೀರು ನಿಲ್ಲುತ್ತದೆ, ಮನೆಗಳಿಗೂ ನುಗ್ಗುತ್ತದೆ. ಗುಡ್ಡದ ಮೇಲೆ ಬಿದ್ದ ಮಳೆಗೆ ಹೋಗಬೇಕಾದ ಜಾಗ ಒಂದೇ, ಸಮುದ್ರ. ಮೊದಲು ಹಳ್ಳಗಳಲ್ಲಿ ಇಳಿದು, ಗದ್ದೆಗಳಲ್ಲಿ ಹರಡಿ, ಒಂದೆರಡು ದಿನ ನಿಂತು, ನಿಧಾನಕ್ಕೆ ಕಡಲಿಗೆ ಸೇರುತ್ತಿತ್ತು. ಗದ್ದೆಯಲ್ಲಿ ನೀರು ನಿಂತರೆ ಯಾರೂ ಪ್ರವಾಹ ಅನ್ನುತ್ತಿರಲಿಲ್ಲ, ಅದು ಗದ್ದೆ ತಾನೇ. ಈಗ ಆ ದಾರಿಯಲ್ಲಿ ಮೊದಲು ಕೊಂಕಣ ರೈಲ್ವೆಯ ಏರಿ ಸಿಗುತ್ತದೆ, ಆಮೇಲೆ ನಾಲ್ಕು ಲೇನ್ ಹೆದ್ದಾರಿ, ಅದರಾಚೆ ನೌಕಾನೆಲೆಯ ಗೋಡೆ. ಮೂವರೂ ಮೋರಿ ಬಿಟ್ಟಿದ್ದಾರೆ. ಆದರೆ ಮೂವರ ಮೋರಿಯೂ ಒಂದೇ ಸಾಲಿಗೆ, ಒಂದೇ ಅಗಲಕ್ಕೆ, ಒಂದೇ ಎತ್ತರಕ್ಕೆ ಇರಬೇಕು ಅಂತ ಹೇಳುವವರು ಯಾರು? ಮೊದಲ ಮೋರಿಯಲ್ಲಿ ಬಂದಷ್ಟು ನೀರು ಕೊನೆಯ ಮೋರಿಯಲ್ಲಿ ಹೋಗದಿದ್ದರೆ ಉಳಿದದ್ದು ನಡುವೆ ನಿಲ್ಲುತ್ತದೆ. ನಡುವೆ ಇರುವುದು ಊರು. ಗದ್ದೆಗಳಿಗೆ ಮಣ್ಣು ತುಂಬಿ ಸೈಟ್ ಮಾಡಿದ ಮೇಲೆ ಹರಡಲೂ ಜಾಗವಿಲ್ಲ.

ಇಲ್ಲಿ ಯಾರ ತಪ್ಪು ಅಂತ ಹುಡುಕಲು ಹೊರಟರೆ ಪ್ರತಿ ಇಲಾಖೆಯೂ ತನ್ನ ನಕ್ಷೆ ತೋರಿಸುತ್ತದೆ, ನಕ್ಷೆ ಅದರ ಮಟ್ಟಿಗೆ ಸರಿಯಾಗಿಯೇ ಇರಬಹುದು. ಸಂಕೀರ್ಣ ವ್ಯವಸ್ಥೆಗಳ ಬಗ್ಗೆ ಬರೆಯುವವರು ಹೇಳುವ ಮುಖ್ಯ ಮಾತು ಇದೇ. ಎಲ್ಲ ಬಿಡಿಭಾಗ ಸರಿ ಇದ್ದೂ ಒಟ್ಟು ಕೆಟ್ಟಿರಬಹುದು, ಯಾಕೆಂದರೆ ಕೆಟ್ಟಿರುವುದು ಭಾಗಗಳ ನಡುವಿನ ಕೊಂಡಿ. ಕೊಂಡಿಗೆ ನಮ್ಮಲ್ಲಿ ಇಲಾಖೆ ಇಲ್ಲ. ಮಳೆಗಾಲದಲ್ಲಿ ಡಿಸಿ ಆಫೀಸಿನಲ್ಲಿ ಮೀಟಿಂಗ್ ಆಗುತ್ತದೆ, ಜೆಸಿಬಿ ಬರುತ್ತದೆ, ಎಲ್ಲೋ ಒಂದು ಕಡೆ ಮಣ್ಣು ಕಿತ್ತು ನೀರು ಬಿಡುತ್ತಾರೆ. ಮುಂದಿನ ವರ್ಷ ಮತ್ತೆ ಅದೇ ಮೀಟಿಂಗ್.

ಖಾಲಿ ಜಾಗದ ಬೆಲೆ ಗೊತ್ತಾದ ಕಡೆಯೂ ಒಂದಿದೆ, ಅದನ್ನೂ ಹೇಳಬೇಕು. ಕಾಳಿಗೆ ಸೂಪಾ, ಕೊಡಸಳ್ಳಿ, ಕದ್ರಾ ಅಂತ ಅಣೆಕಟ್ಟುಗಳ ಸಾಲೇ ಇದೆ. ವಿದ್ಯುತ್ ಲೆಕ್ಕದಲ್ಲಿ ಜಲಾಶಯ ತುಂಬಿದಷ್ಟೂ ಲಾಭ. 2019ರ ಆಗಸ್ಟ್‌ನಲ್ಲಿ ಮಳೆ ಸುರಿದು ಕದ್ರಾದಿಂದ ಭಾರೀ ನೀರು ಬಿಡಬೇಕಾಗಿ ಬಂದಾಗ ಕೆಳಗಿನ ಊರುಗಳು ಮುಳುಗಿದವು. ಆಮೇಲೆ ಮಳೆಗಾಲದಲ್ಲಿ ಕದ್ರಾವನ್ನು ಪೂರ್ತಿ ತುಂಬಿಸದೆ, ದಿಢೀರ್ ನೀರು ಬಂದರೆ ಹಿಡಿಯಲು ಸ್ವಲ್ಪ ಜಾಗ ಬಿಟ್ಟು ಇಡುವ ಪದ್ಧತಿ ಬಂತು. ಕರೆಂಟಿನ ಲೆಕ್ಕದಲ್ಲಿ ಅದು ಪೋಲು. ಕದ್ರಾ, ಮಲ್ಲಾಪುರದ ಜನರ ಲೆಕ್ಕದಲ್ಲಿ ಅದೇ ನಿದ್ದೆ.

ಸೇತುವೆಗೂ ಇದೇ ಮಾತು, ಆದರೆ ಒಂದು ತಿರುವಿದೆ. ಹೆದ್ದಾರಿ ಅಗಲ ಮಾಡುವಾಗ ಕಾಳಿಗೆ ಹೊಸ ಸೇತುವೆ ಕಟ್ಟಿದರು. ನಾಲ್ಕು ದಶಕದ ಹಳೆಯದನ್ನು ಒಡೆಯಲಿಲ್ಲ, ಗೋವಾ ಕಡೆಯಿಂದ ಬರುವ ಗಾಡಿಗಳಿಗೆ ಅದನ್ನೇ ಇಟ್ಟುಕೊಂಡರು. ಹಳೆಯದು ಬಿದ್ದ ರಾತ್ರಿ ಒಂದು ಲಾರಿ ನದಿಗೆ ಬಿತ್ತು. ಚಾಲಕನನ್ನು ಪೊಲೀಸರು ಮತ್ತು ಮೀನುಗಾರರು ಸೇರಿ ಉಳಿಸಿದರು. ಹೊಸ ಸೇತುವೆ ಇದ್ದದ್ದರಿಂದ ಕಾರವಾರಕ್ಕೂ ಸದಾಶಿವಗಡಕ್ಕೂ ಸಂಪರ್ಕ ಪೂರ್ತಿ ಕಡಿದುಹೋಗಲಿಲ್ಲ, ಎರಡೂ ದಿಕ್ಕಿನ ಗಾಡಿಗಳು ಅದರ ಮೇಲೆಯೇ ಹೋದವು. ಅಂದರೆ ಎರಡು ಸೇತುವೆ ಇದ್ದದ್ದು ಊರನ್ನು ಉಳಿಸಿತು ಅಲ್ವಾ? ಹೌದು, ಆದರೆ ಅದೃಷ್ಟಕ್ಕೆ. ಯಾಕೆಂದರೆ ಎರಡನೇ ಸೇತುವೆಯನ್ನು ಯಾರೂ ಆಪತ್ಕಾಲಕ್ಕೆ ಅಂತ ಇಟ್ಟುಕೊಂಡಿರಲಿಲ್ಲ. ಅದು ದಿನದ ಸಂಚಾರದ ಅರ್ಧ ಭಾರ ಹೊರುತ್ತಿತ್ತು. ಇವತ್ತಿನ ಗಾಡಿಗಳ ಸಂಖ್ಯೆಗೆ ಒಂದು ಸೇತುವೆ ಹೇಗೋ ಸಾಕಾಯಿತು. ನಾಲ್ಕೂ ಲೇನ್ ಭರ್ತಿ ಗಾಡಿ ಓಡುವ ಕಾಲಕ್ಕೆ ಹೀಗಾಗಿದ್ದರೆ ಸಾಕಾಗುತ್ತಿರಲಿಲ್ಲ. ಹೆಚ್ಚುವರಿ ಅನ್ನುವುದು ಬಳಸುತ್ತ ಬಳಸುತ್ತ ಕರಗಿಹೋಗುತ್ತದೆ. ಮತ್ತೆ ಹಾಗೆ ಕರಗಿದ್ದು ಬೀಳುವ ದಿನದವರೆಗೆ ಗೊತ್ತಾಗುವುದಿಲ್ಲ.

ಬಿಣಗಾ ಸುರಂಗದ ಕಥೆ ಇದಕ್ಕೆ ಪಕ್ಕದ ಉದಾಹರಣೆ. 2023ರ ಮಳೆಗಾಲದಲ್ಲಿ ನೀರು ಸೋರಿ, ಸುರಕ್ಷತೆಯ ಪ್ರಶ್ನೆ ಎದ್ದು ಸುರಂಗ ಕೆಲಕಾಲ ಮುಚ್ಚಿದಾಗ ಹಳೆ ಘಟ್ಟದ ರಸ್ತೆಯೇ ಗತಿಯಾಯಿತು. ಸುರಂಗ ಬಂದ ಮೇಲೆ ಆ ರಸ್ತೆ ಯಾಕೆ ಬೇಕು, ಡಾಂಬರಿಗೆ ದುಡ್ಡು ಯಾಕೆ ಅಂತ ಕೇಳಿದ್ದರೆ ಲೆಕ್ಕಪತ್ರದಲ್ಲಿ ಉತ್ತರ ಇರುತ್ತಿರಲಿಲ್ಲ.

ಕಾರವಾರದ ನಲ್ಲಿ ನೀರು ಎಲ್ಲಿಂದ ಬರುತ್ತದೆ ಗೊತ್ತಾ? ಪಕ್ಕದಲ್ಲೇ ತುಂಬಿ ಹರಿಯುವ ಕಾಳಿಯಿಂದ ಅಂದುಕೊಂಡಿರುವವರು ಊರಲ್ಲೇ ಇದ್ದಾರೆ. ಭರತ ಬಂದರೆ ಉಪ್ಪುನೀರು ಕಾಳಿಯೊಳಗೆ ಬಹಳ ದೂರ ಏರುತ್ತದೆ, ಊರಿನ ಹತ್ತಿರ ಅದು ಕುಡಿಯಲು ಬರುವುದಿಲ್ಲ. ನೀರು ಬರುವುದು ಅಂಕೋಲಾ ತಾಲೂಕಿನ ಹೊನ್ನಳ್ಳಿಯಿಂದ, ಗಂಗಾವಳಿಯಿಂದ. ಗಂಗಾವಳಿ ಅಂದರೆ ಘಟ್ಟದ ಮೇಲಿನ ಬೇಡ್ತಿ, ಹುಟ್ಟುವುದು ಧಾರವಾಡದ ಕಡೆ. ಬೇಡ್ತಿಯ ನೀರನ್ನು ವರದಾ ನದಿಗೆ ತಿರುಗಿಸುವ ಯೋಜನೆಗೆ ಶಿರಸಿ, ಯಲ್ಲಾಪುರದಲ್ಲಿ ವಿರೋಧ ಜೋರಾಗಿದೆ. ಅಲ್ಲಿ ಮಾತು ಕಾಡಿನದು, ತೋಟದ್ದು. ಕಾರವಾರದಲ್ಲಿ ಇದರ ಬಗ್ಗೆ ಅಷ್ಟು ಬಿಸಿ ಇಲ್ಲ. ಘಟ್ಟದ ಮೇಲೆ ನದಿ ಬಡವಾದರೆ ಬೇಸಿಗೆಯಲ್ಲಿ ಕೆಳಗೆ ಉಪ್ಪು ಇನ್ನಷ್ಟು ಮೇಲೇರುತ್ತದೆ, ನದಿಯ ಮೇಲೆ ಕಣ್ಣಿಟ್ಟವರು ಜಾಸ್ತಿಯಾಗುತ್ತಾರೆ, ಪೈಪಿನ ಕೊನೆಯಲ್ಲಿರುವ ಊರಿಗೆ ಕೊನೆಯ ಪಾಲು. ಕಾರವಾರದ ಅಡುಗೆಮನೆಯ ನಲ್ಲಿಗೂ ಶಿರಸಿಯ ಪ್ರತಿಭಟನೆಗೂ ನೇರ ಸಂಬಂಧ ಇದೆ, ನಡುವೆ ಘಟ್ಟ ಇರುವುದರಿಂದ ಕಾಣುವುದಿಲ್ಲ ಅಷ್ಟೇ.

ಶಿರಸಿಗೆ ಬರೋಣ. ಶಿರಸಿಯಿಂದ ಕಡಲಿಗೆ ಇಳಿಯಲು ದೇವಿಮನೆ ಘಟ್ಟ ಇದೆ. ಅದು ಬಂದ್ ಆದರೆ ಸಿದ್ದಾಪುರದ ಮೇಲೆ ದೊಡ್ಮನೆ ಘಟ್ಟ, ಯಾಣದ ಬದಿಗೆ ವಡ್ಡಿ ಘಟ್ಟ, ಹೊನ್ನಾವರಕ್ಕೆ ಗೇರುಸೊಪ್ಪದ ಮೇಲೆ, ಅಂಕೋಲಾಕ್ಕೆ ಯಲ್ಲಾಪುರದ ಅರಬೈಲ್ ಮೇಲೆ. ದಾರಿ ಬೇಕಾದಷ್ಟಿವೆ ಅನ್ನಿಸುತ್ತದೆ. ಕುಮಟಾ ರಸ್ತೆ ಅಗಲ ಮಾಡಲು ಸಂಚಾರ ನಿಲ್ಲಿಸಿದಾಗ ಈ ದಾರಿಗಳೇ ಕೆಲಸಕ್ಕೆ ಬಂದವು. ಆದರೆ ಭಾರೀ ಗಾಡಿಗಳಿಗೆ ಕಟ್ಟದ ಸಣ್ಣ ರಸ್ತೆಗಳ ಮೇಲೆ ಹೆದ್ದಾರಿಯ ಭಾರ ಬಿದ್ದಾಗ ಅವೂ ಹಾಳಾಗುತ್ತವೆ. ಒಂದರ ರಿಪೇರಿ ಇನ್ನೊಂದರ ರೋಗ. ಇನ್ನೂ ಮುಖ್ಯವಾದದ್ದು, ದಾರಿ ಐದಾದರೂ ಮಳೆ ಒಂದೇ. 2021ರ ಜುಲೈ ನೆನಪಿಸಿಕೊಳ್ಳಿ. ಅರಬೈಲ್ ಘಟ್ಟ ಕುಸಿಯಿತು, ಕಳಚೆಯಲ್ಲಿ ತೋಟ, ಮನೆ, ರಸ್ತೆ ಜಾರಿಹೋದವು, ಗುಳ್ಳಾಪುರದ ಸೇತುವೆ ಕೊಚ್ಚಿಹೋಯಿತು. ಎಲ್ಲ ಒಂದೇ ಮಳೆಗೆ. ಒಂದು ಹೋದರೆ ಇನ್ನೊಂದು ಇದೆ ಅನ್ನುವ ಲೆಕ್ಕ ನಡೆಯುವುದು ಎರಡೂ ಬೇರೆ ಬೇರೆ ಕಾರಣಕ್ಕೆ ಕೆಡುವಂತಿದ್ದರೆ ಮಾತ್ರ. ಹಿಂದೆ ಕಡಲಿನ ಮೇಲೆ ಸ್ಟೀಮರ್ ಬರುತ್ತಿತ್ತು, ಅದು ನಿಜವಾಗಿ ಬೇರೆ ದಾರಿ. ಈಗ ರೈಲು ಸ್ವಲ್ಪ ಮಟ್ಟಿಗೆ ಆ ಕೆಲಸ ಮಾಡುತ್ತದೆ, ಅದೂ ಕರಾವಳಿಯ ಉದ್ದಕ್ಕೆ ಮಾತ್ರ, ಘಟ್ಟ ಹತ್ತುವುದಿಲ್ಲ.

ಶಿರಸಿಯಲ್ಲಿ ನನಗೆ ಇಷ್ಟವಾಗುವ ಜಾಗ ಬಿಡಕಿ ಬಯಲು. ಮಾಮೂಲಿ ದಿನ ಹೋದರೆ ಅದು ಸಾಧಾರಣ ಪೇಟೆ: ಅಂಗಡಿ, ತರಕಾರಿ, ಬೈಕುಗಳ ಸಾಲು, ಕೊಡೆ ಹಿಡಿದು ಮಾತಾಡುತ್ತ ನಿಂತವರು. ಎರಡು ವರ್ಷಕ್ಕೊಮ್ಮೆ ಅಲ್ಲೇ ಮಾರಿಕಾಂಬೆಯ ಜಾತ್ರೆ ಗದ್ದುಗೆ. ಒಂಬತ್ತು ದಿನ, ಊರಿನ ಜನಸಂಖ್ಯೆಗಿಂತ ಎಷ್ಟೋ ಪಟ್ಟು ಜನ. ಇಷ್ಟು ಸಣ್ಣ ಊರು ಅಷ್ಟು ಜನರನ್ನು ಹೇಗೆ ತಡೆದುಕೊಳ್ಳುತ್ತದೆ? ಯಾವ ಸಲಹೆಗಾರ ಕಂಪನಿಯೂ ಮಾಸ್ಟರ್ ಪ್ಲಾನ್ ಬರೆದುಕೊಟ್ಟಿದ್ದಲ್ಲ. ಅಂಗಡಿ ಜಾಗಗಳ ಹರಾಜು, ಯಾವ ಬೀದಿ ಯಾವಾಗ ಬಂದ್, ಬಸ್ಸು ಎಲ್ಲಿ ನಿಲ್ಲಬೇಕು, ಬಂದ ನೆಂಟರಿಗೆ ಯಾರ ಮನೆಯಲ್ಲಿ ಊಟ, ಬಳೆ ಅಂಗಡಿ ಯಾವ ಸಾಲಿಗೆ, ನಾಟಕದ ಕಂಪನಿ ಎಲ್ಲಿ, ತೊಟ್ಟಿಲು ಎಲ್ಲಿ ಅನ್ನುವುದೆಲ್ಲ ತಲೆಮಾರುಗಳಿಂದ ತಪ್ಪು ಮಾಡುತ್ತ ತಿದ್ದಿಕೊಳ್ಳುತ್ತ ಬಂದ ರೂಢಿ. ಎರಡು ವರ್ಷಕ್ಕೊಮ್ಮೆ ಪರೀಕ್ಷೆ ಆಗುವುದರಿಂದ ಊರಿಗೆ ಮರೆತುಹೋಗುವುದಿಲ್ಲ. ಬಯಲು ಉಳಿದಿರುವುದರಿಂದ ಇದೆಲ್ಲ ಸಾಧ್ಯ. ನಡುಪೇಟೆಯಲ್ಲಿ ಇಷ್ಟು ದೊಡ್ಡ ಜಾಗ ಇದ್ದರೆ ಬಹುಮಹಡಿ ಕಟ್ಟಿ ಬಾಡಿಗೆ ಎಣಿಸುವ ಆಸೆ ಯಾರಿಗೆ ಬರುವುದಿಲ್ಲ ಹೇಳಿ. ಅಮ್ಮನ ಭಯ ಕಾಪಾಡಿದೆ. ನಗರ ಯೋಜನೆಯ ಯಾವ ನಿಯಮಕ್ಕಿಂತಲೂ ಗಟ್ಟಿ ಭಯ ಅದು.

ಈಗ ಜಿಲ್ಲೆಯಲ್ಲಿ ಎಲ್ಲರ ಬಾಯಲ್ಲಿರುವ ಆಸ್ಪತ್ರೆಯ ವಿಷಯ. 2022ರ ಜುಲೈನಲ್ಲಿ ಹೊನ್ನಾವರದಿಂದ ರೋಗಿಯನ್ನು ಕರೆದೊಯ್ಯುತ್ತಿದ್ದ ಆಂಬ್ಯುಲೆನ್ಸ್ ಬೈಂದೂರು ಬಳಿಯ ಟೋಲ್‌ಗೇಟ್‌ನಲ್ಲಿ ಪಲ್ಟಿಯಾಗಿ ಜನ ಸತ್ತರು. ಆಮೇಲೆ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆಯ ಕೂಗು ಇನ್ನೂ ಜೋರಾಯಿತು. ಹೃದಯಾಘಾತವಾದರೆ ಮಣಿಪಾಲ, ಮಂಗಳೂರು, ಹುಬ್ಬಳ್ಳಿ ಅಥವಾ ಗೋವಾ ಅನ್ನುವ ಸ್ಥಿತಿ ನಮ್ಮದು. ಬೇಡಿಕೆ ನ್ಯಾಯವಾದದ್ದು, ಎರಡು ಮಾತಿಲ್ಲ. ಆದರೆ ಕಟ್ಟಡ ಬಂದರೆ ಮುಗಿಯಿತು ಅಂದುಕೊಂಡರೆ ಮೋಸ ಹೋಗುತ್ತೇವೆ. ಕಾರವಾರದಲ್ಲಿ ವೈದ್ಯಕೀಯ ಕಾಲೇಜು ಬಂದು ದಶಕ ದಾಟಿತು, ಆದರೂ ಆಂಬ್ಯುಲೆನ್ಸ್ ಜಿಲ್ಲೆಯ ಗಡಿ ದಾಟುವುದು ನಿಂತಿಲ್ಲ.

ಇಲ್ಲೊಂದು ಸುಳಿ ಇದೆ. ತಜ್ಞ ವೈದ್ಯರಿಲ್ಲ ಅಂತ ರೋಗಿಗಳು ಹೊರಗೆ ಹೋಗುತ್ತಾರೆ. ರೋಗಿಗಳು ಹೊರಗೆ ಹೋದರೆ ಇಲ್ಲಿ ತಜ್ಞರಿಗೆ ಸಾಕಷ್ಟು ಕೇಸ್ ಸಿಗುವುದಿಲ್ಲ, ಕೈ ಪಳಗುವುದಿಲ್ಲ, ನರ್ಸ್‌ಗಳ ತಂಡ ಬೆಳೆಯುವುದಿಲ್ಲ. ಬಂದ ತಜ್ಞರೂ ವರ್ಷದೊಳಗೆ ಟ್ರಾನ್ಸ್‌ಫರ್ ಕೇಳುತ್ತಾರೆ. ಅವರು ಹೋದರು ಅಂತ ಮತ್ತಷ್ಟು ರೋಗಿಗಳು ಹೊರಗೆ. ಇದನ್ನೇ ಫೀಡ್‌ಬ್ಯಾಕ್ ಅನ್ನುವುದು. ಫಲಿತಾಂಶವೇ ತಿರುಗಿ ಕಾರಣವಾಗಿ ಕೂರುತ್ತದೆ. ಮಣಿಪಾಲದಲ್ಲಿ ಇದೇ ಸುಳಿ ಉಲ್ಟಾ ದಿಕ್ಕಿಗೆ ಸುತ್ತುತ್ತದೆ, ಕೇಸ್ ಜಾಸ್ತಿ, ಹಾಗಾಗಿ ತಜ್ಞರು ಜಾಸ್ತಿ, ಹಾಗಾಗಿ ಕೇಸ್ ಇನ್ನೂ ಜಾಸ್ತಿ. ನಮ್ಮ ಆಂಬ್ಯುಲೆನ್ಸ್‌ಗಳೇ ಆ ಸುಳಿಗೆ ನೀರು ಹಾಕುತ್ತಿವೆ.

ಇದರ ಹಿಂದೆ ಊರಿನ ಗಾತ್ರದ ಒಂದು ಗಣಿತವೂ ಇದೆ. ಲೂಯಿಸ್ ಬೆಟೆನ್‌ಕೋರ್ಟ್, ಜೆಫ್ರಿ ವೆಸ್ಟ್ ಅನ್ನುವ ವಿಜ್ಞಾನಿಗಳು ಮತ್ತು ಜೊತೆಗಾರರು 2007ರಲ್ಲಿ ಹಲವು ದೇಶಗಳ ನಗರಗಳ ಅಂಕಿಅಂಶ ಹರಡಿಕೊಂ‌ಡು ಕೂತಾಗ ಒಂದು ಕ್ರಮ ಕಂಡಿತು. ನಗರ ಎಷ್ಟು ಪಟ್ಟು ದೊಡ್ಡದಾಗುತ್ತದೋ ರಸ್ತೆ, ಕೇಬಲ್, ಪೆಟ್ರೋಲ್ ಬಂಕ್ ಅಷ್ಟು ಪಟ್ಟು ಬೇಕಾಗುವುದಿಲ್ಲ, ತಲೆಗೆ ಲೆಕ್ಕ ಹಾಕಿದರೆ ಕಮ್ಮಿಯೇ ಸಾಕು. ಸಂಬಳ, ಹೊಸ ಆವಿಷ್ಕಾರ, ಅಪರಾಧ, ಕೆಲವು ರೋಗಗಳು ಮಾತ್ರ ಅದಕ್ಕಿಂತ ಜಾಸ್ತಿ ಪಟ್ಟು ಬೆಳೆಯುತ್ತವೆ. ಅಂದರೆ ದೊಡ್ಡ ಊರಿಗೆ ಪೈಪು ಅಗ್ಗ, ಸಣ್ಣ ಊರಿಗೆ ದುಬಾರಿ. ಉತ್ತರ ಕನ್ನಡದಲ್ಲಿ 2011ರ ಜನಗಣತಿಯ ಪ್ರಕಾರ 14 ಲಕ್ಷಕ್ಕೂ ಸ್ವಲ್ಪ ಜಾಸ್ತಿ ಜನ, 10 ಸಾವಿರ ಚದರ ಕಿಲೋಮೀಟರ್‌ಗಿಂತ ಜಾಸ್ತಿ ನೆಲ. ಬಹುಪಾಲು ಕಾಡು. ಆಗ ಲಕ್ಷ ಜನ ಇದ್ದ ಒಂದೇ ಒಂದು ಊರೂ ಇರಲಿಲ್ಲ. ಕಾರವಾರ, ಶಿರಸಿ, ಕುಮಟಾ, ಭಟ್ಕಳ, ದಾಂಡೇಲಿ ಅಂತ ಹರಡಿಕೊಂಡಿದ್ದೇವೆ. ಆಸ್ಪತ್ರೆ ಕುಮಟಾಕ್ಕೋ ಕಾರವಾರಕ್ಕೋ ಶಿರಸಿಗೋ ಅಂತ ಜಗಳ ಆಗುವುದೂ ಇದಕ್ಕೇ. ಯಾವ ಊರೂ ತಾನೊಂದೇ ಅದನ್ನು ಸಾಕುವಷ್ಟು ದೊಡ್ಡದಲ್ಲ, ಯಾವ ಊರೂ ಉಳಿದೆಲ್ಲ ಊರಿಗೆ ಹತ್ತಿರವೂ ಅಲ್ಲ. ಸುಳಿಯನ್ನು ತಿರುಗಿಸಬೇಕಾದರೆ ಕೆಲವು ವರ್ಷ ತಜ್ಞರನ್ನು ಒಳ್ಳೆಯ ಸಂಬಳ, ಮನೆ, ಮಕ್ಕಳಿಗೆ ಶಾಲೆ ಕೊಟ್ಟು ಹಿಡಿದಿಡಬೇಕು, ಮೊದಲು ಹೃದಯ ಮತ್ತು ಅಪಘಾತದ ಚಿಕಿತ್ಸೆಯಂಥ ನಿಮಿಷದ ಲೆಕ್ಕದ ವಿಭಾಗಗಳನ್ನು ಗಟ್ಟಿ ಮಾಡಬೇಕು, ಉಳಿದದ್ದಕ್ಕೆ ಸದ್ಯ ಹೊರಗೆ ಹೋಗುವುದನ್ನು ಒಪ್ಪಿಕೊಳ್ಳಬೇಕು. ಇದು ಭಾಷಣಕ್ಕೆ ಸಿಗುವ ವಿಷಯ ಅಲ್ಲ. ಅಡಿಗಲ್ಲು ಹಾಕಿದರೆ ಫೋಟೋ ಬರುತ್ತದೆ, ಅರಿವಳಿಕೆ ತಜ್ಞರು ಮೂರನೇ ವರ್ಷವೂ ಊರಲ್ಲೇ ಉಳಿದರೆ ಬರುವುದಿಲ್ಲ.

ಈ ಬಗೆಯ ಯೋಚನೆಗೂ ಹುಷಾರಾಗಿರಬೇಕು. ಅಮೆರಿಕದ ಎಂಐಟಿಯ ಜೇ ಫಾರೆಸ್ಟರ್ 1969ರಲ್ಲಿ ಇಡೀ ನಗರವನ್ನು ಕಂಪ್ಯೂಟರಿನಲ್ಲಿ ಮಾದರಿ ಮಾಡಿ ತೋರಿಸಿದರು. ಬಡವರಿಗೆ ಮನೆ ಕಟ್ಟಿಕೊಟ್ಟರೆ ನಗರ ಇನ್ನೂ ಕೆಡುತ್ತದೆ ಅಂತ ಅದು ಹೇಳಿತು. ಸುತ್ತಲಿನ ಉಪನಗರಗಳನ್ನೇ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ ಅಂತ ಟೀಕೆ ಬಂತು. 1970ರ ದಶಕದಲ್ಲಿ ನ್ಯೂಯಾರ್ಕಿನಲ್ಲಿ ಗಣಿತದ ಮಾದರಿ ನೋಡಿ ಅಗ್ನಿಶಾಮಕ ಠಾಣೆಗಳನ್ನು ಮುಚ್ಚಿದರು, ಮುಚ್ಚಿದ್ದು ಬಡವರ ಬಡಾವಣೆಗಳಲ್ಲಿ, ಅಲ್ಲೇ ಮನೆಗಳು ಸುಟ್ಟವು. ಮಾದರಿಯ ಗೆರೆ ಎಲ್ಲಿಗೆ ಮುಗಿಯುತ್ತದೆ ಅನ್ನುವುದನ್ನು ಯಾರು ನಿರ್ಧರಿಸುತ್ತಾರೆ ಅನ್ನುವುದರ ಮೇಲೆ ಎಲ್ಲ ನಿಂತಿದೆ. ಶಿರೂರಿನ ಗೆರೆಯನ್ನು ರಸ್ತೆಯ ಅಂಚಿಗೆ ಎಳೆದರೆ ಉಳುವರೆ ಹೊರಗೆ ಉಳಿಯುತ್ತದೆ. ಹಾಗಾಗಿ ದೊಡ್ಡ ಪರದೆಯ ಮೇಲೆ ಊರನ್ನು ತೋರಿಸುವ ಕಂಟ್ರೋಲ್ ರೂಮು ಬಂದ ಕೂಡಲೇ ಎಲ್ಲ ಸರಿಹೋಗುತ್ತದೆ ಅನ್ನುವವರನ್ನು ನಾನು ಅಷ್ಟು ನಂಬುವುದಿಲ್ಲ. ಯಾವ ಹಳ್ಳ ಯಾವ ಮೋರಿಯಲ್ಲಿ ಹೋಗುತ್ತಿತ್ತು ಅನ್ನುವುದು ಚೆಂಡಿಯಾದ ಹಿರಿಯರಿಗೆ ಬಾಯಿಪಾಠ. ಅವರನ್ನು ಕೇಳಲು ಪರದೆ ಬೇಡ.

ಇದೆಲ್ಲ ಈಗಲೇ ಯಾಕೆ ಬೇಕು ಅಂದರೆ ಅಂಕೋಲಾ ನೋಡಿ. ಕೇಣಿಯಲ್ಲಿ ಹೊಸ ಬಂದರಿನ ಪ್ರಸ್ತಾಪ, ಮೀನುಗಾರರ ವಿರೋಧ. ಅಲಗೇರಿಯಲ್ಲಿ ವಿಮಾನ ನಿಲ್ದಾಣದ ಯೋಜನೆ. 1990ರ ದಶಕದಿಂದ ಎಳೆದಾಡುತ್ತಿರುವ ಹುಬ್ಬಳ್ಳಿ–ಅಂಕೋಲಾ ರೈಲು. ಮೇಲೆ ಬೇಡ್ತಿ–ವರದಾ. ಒಂದೊಂದಕ್ಕೂ ಒಂದೊಂದು ಪರಿಸರ ವರದಿ, ಒಂದೊಂದು ಕಡತ. ಪರ–ವಿರೋಧದ ಗಲಾಟೆಯೂ ಒಂದೊಂದಕ್ಕೇ ಬೇರೆ ಬೇರೆ. ಆದರೆ ಎಲ್ಲದರ ಕಾಲು ಇರುವುದು ಒಂದೇ ಸಣ್ಣ ತಾಲೂಕಿನ ಮೇಲೆ, ಬೇಕಾದ ನೀರು ಒಂದೇ ನದಿಯದು, ಲಾರಿಗಳು ಸೇರುವುದು ಒಂದೇ ಹೆದ್ದಾರಿಗೆ. ಬೇಲೆಕೇರಿ ಬಂದರಿನಿಂದ ಕಬ್ಬಿಣದ ಅದಿರು ಹೋಗುತ್ತಿದ್ದ ವರ್ಷಗಳಲ್ಲಿ ಹೆದ್ದಾರಿಯ ಗತಿ ಏನಾಗಿತ್ತು ಅಂತ ಅರಬೈಲ್ ಘಟ್ಟದಲ್ಲಿ ಸಿಕ್ಕಿಹಾಕಿಕೊಂಡವರಿಗೆಲ್ಲ ಗೊತ್ತು. ದಾರಿಬದಿಗೆ ಎದ್ದ ಢಾಬಾ, ಗ್ಯಾರೇಜು, ಪಂಕ್ಚರ್ ಅಂಗಡಿಗಳು 2010ರ ನಂತರ ಅದಿರು ನಿಂತ ಕೂಡಲೇ ಬಾಗಿಲು ಹಾಕಿದ್ದೂ ಗೊತ್ತು.

ಮುಂದಿನ ಅಹವಾಲು ಸಭೆಗೆ ಹೋಗುವವರು ಬಂದರು ಬೇಕೋ ಬೇಡವೋ ಅನ್ನುವ ಮೊದಲು ನಾಲ್ಕೂ ಯೋಜನೆಯನ್ನು ಒಂದೇ ನಕ್ಷೆಯ ಮೇಲೆ ಹಾಕಿ ತೋರಿಸಿ ಅಂತ ಕೇಳಬಹುದು. ಏಪ್ರಿಲ್, ಮೇ ತಿಂಗಳಲ್ಲಿ ಹೊನ್ನಳ್ಳಿಯ ಹತ್ತಿರ ಗಂಗಾವಳಿಯಲ್ಲಿ ಎಷ್ಟು ಸಿಹಿನೀರು ಹರಿಯುತ್ತದೆ, ಅದಕ್ಕೆ ಈಗಲೇ ಎಷ್ಟು ಪೈಪು ಹಾಕಿದ್ದೀರಿ, ಹೊಸದಾಗಿ ಯಾರ್ಯಾರು ಕೇಳಿದ್ದಾರೆ? ಹೆದ್ದಾರಿ ಒಂದು ವಾರ ಬಂದ್ ಆದರೆ ಬಂದರಿನ ಲಾರಿಗಳು ಎಲ್ಲಿ ನಿಲ್ಲುತ್ತವೆ, ಯಾವ ಗುಡ್ಡದ ಕೆಳಗೆ? ಉತ್ತರ ಬರೆದುಕೊಡಿ ಅನ್ನಿ, ಎಲ್ಲ ಇಲಾಖೆಯವರ ಸಹಿ ಒಂದೇ ಹಾಳೆಯ ಮೇಲೆ ಇರಲಿ.